ದೀಪವಿಲ್ಲದ ಊರಿನ ದಾರಿ

ಕಣ್ಣಿಗೆ ಕಾಣದ್ದನ್ನು ನಂಬುವ ಜಾತಿ ನನ್ನದಲ್ಲ. ಹೊಲ ಕೊಡಿಸಿ, ಮಾರಿಸಿ ಹೊಟ್ಟೆ ಹೊರೆದವನು. ಕೊಳ್ಳಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತೇನೆ: ನಕಾಶೆ ಆಮೇಲೆ ನೋಡಿ, ಮೊದಲು ನೆಲ ತುಳಿಯಿರಿ. ಆ ಮಾತೇ ನನ್ನನ್ನು ಸಿಕ್ಕಿಸಿತು.

ಹೊಸಹಳ್ಳಿ ಹೋಬಳಿಯಲ್ಲಿ ಒಂದು ಬೇಚರಾಕ್ ಗ್ರಾಮವಿದೆ. ಸರ್ಕಾರದ ದಾಖಲೆಯಲ್ಲಿ ಹೆಸರು, ಎಲ್ಲೆ, ಸರ್ವೆ ನಂಬರು ಎಲ್ಲ ಉಂಟು. ನೆಲದ ಮೇಲೆ ಒಂದು ಮನೆಯಿಲ್ಲ. ಚಿರಾಗ್ ಎಂದರೆ ದೀಪವಂತೆ. ದೀಪವಿಲ್ಲದ ಊರು. ಯಾಕೆ ಖಾಲಿಯಾಯಿತೋ ಬಲ್ಲವರಿಲ್ಲ.

ಕುರಿ ಕಾಯುವ ಹನುಮಕ್ಕನ ಹೊಲ ಅದರಾಚೆ. ಗಂಡನಿಲ್ಲದ ಹೆಂಗಸು, ಹೊಲ ಮಾರಿಸಿಕೊಡಿ ಎಂದು ನನ್ನ ಹತ್ತಿರ ಬಂದಿದ್ದಳು. ಹೊಲಕ್ಕೆ ದಾರಿಯೇ ಇಲ್ಲವೆಂದು ಪಕ್ಕದ ಹೊಲದವನು ಬೇಲಿ ಹಾಕಿದ್ದ. ದಾರಿ ತೋರಿಸದಿದ್ದರೆ ಅವನು ಕೇಳಿದ ಬೆಲೆಗೇ ಅವನಿಗೇ ಕೊಡಬೇಕು.

ಮಟಮಟ ಮಧ್ಯಾಹ್ನ. ಅವಳನ್ನು ಬೇವಿನ ನೆರಳಲ್ಲಿ ಬಿಟ್ಟು, ಕೆರೆ ಏರಿಯಿಂದ ಅವಳ ಹೊಲಕ್ಕೆ ಆ ಖಾಲಿ ಊರಿನ ಬಯಲಲ್ಲಿ ನೆಟ್ಟಗೆ ನಡೆದೆ. ನೆಟ್ಟಗೆ ನಡೆದೆ ಎಂದೇ ನನ್ನ ಲೆಕ್ಕ.

ಹಿಂದೆಯೇ ಓಡಿಬಂದಳು. "ಅಲ್ರಿ ಸಾವ್ಕಾರ್ರ, ಬಯಲಾಗ ಹಾವಿನಂಗ ಯಾಕ ಬಂದ್ರಿ? ಕುಡದೀರೇನು?"

"ನೆಟ್ಟಗ ಬಂದೀನವ್ವ."

"ಎರಡು ಸಲ ಮೂಲಿ ತಿರುಗಿದ್ರಿ. ಹುಣಸಿಗಿಡದತ್ರ ತಲಿ ಬಗ್ಗಿಸಿ ಒಳಗ ಹೊಕ್ಕಂಗ ಮಾಡಿದ್ರಿ. ಹೋಗ್ಲಿ, ಚಪ್ಪಲಿ ಎಲ್ಲಿ?"

ನೋಡಿದರೆ ಬರಿಗಾಲು.

ಚಪ್ಪಲಿ ಹುಣಸೆಮರದ ಹತ್ತಿರ ಬಟಾಬಯಲಲ್ಲಿ ಇದ್ದವು. ಹೊಸ್ತಿಲಾಚೆ ಬಿಟ್ಟ ಹಾಗೆ, ಜೋಡಿಸಿ. ನಾನು ಬಿಟ್ಟ ನೆನಪೇ ಇಲ್ಲ.

ತಪ್ಪಿದ ಕುರಿಯ ಹೆಜ್ಜೆ ಹಿಡಿದು ಹೋಗುವವಳು ಅವಳು. ಕೆಮ್ಮಣ್ಣಿನಲ್ಲಿ ನನ್ನ ಹೆಜ್ಜೆ ಹುಡುಕಿ, ಅಲ್ಲಲ್ಲಿ ಕಲ್ಲಿಟ್ಟಳು. ವಾರದ ನಂತರ ಸರ್ವೆಯವರು ಹಳೆಯ ನಕಾಶೆ ತಂದು ಅಳೆದರು. ಊರಿದ್ದ ಕಾಲದ ಬಂಡಿದಾರಿ, ಎರಡು ಕಡೆ ತಿರುಗಿ, ಅವಳಿಟ್ಟ ಕಲ್ಲುಗಳಿಗೆ ಸರಿಯಾಗಿ ಕೂಡಿತು. ಹುಣಸೆಮರದ ಬಳಿ ದಾರಿಗೆ ಹೊಂದಿಕೊಂಡು ನಕಾಶೆಯಲ್ಲಿ ಒಂದು ಮನೆಯ ಗುರುತು.

ಸರ್ವೆಯವರು ನಕ್ಕರು. "ಮೊದ್ಲ ನಕಾಶೆ ನೋಡಿ ಕಲ್ಲು ಇಡಿಸೀರಿ. ನೀವು ನನಗ ಗೊತ್ತಿಲ್ಲೇನ್ರಿ?"

ಹೂಂ ಎಂದೆ. ಬೇಲಿ ಕೀಳಿಸಿದರು, ಹನುಮಕ್ಕನ ಹೊಲಕ್ಕೆ ಸರಿಯಾದ ಬೆಲೆ ಬಂತು.

ದುಡ್ಡು ಕೈಗೆ ಬಂದ ದಿನ ಅವಳು ಕೇಳಿದಳು: "ನಿಮ್ಮದು ಯಾವೂರ್ರಿ?" ಹಗರಿಬೊಮ್ಮನಹಳ್ಳಿ ಎಂದೆ. ಅದು ನಾನು ದುಡಿದು ಮನೆ ಕಟ್ಟಿದ ಊರು. ಕೂಲಿಗೆಂದು ಊರೂರು ತಿರುಗಿದ ಅಪ್ಪ ಅವ್ವ ಎಲ್ಲಿಯವರೆಂದು ಹೇಳದೆಯೇ ಹೋದರು. ಎಷ್ಟೋ ಜನರ ಹೊಲದ ಎಲ್ಲೆ ಬಾಯಿಪಾಠ, ಇದೊಂದು ಗೊತ್ತಿಲ್ಲ. ಇದಕ್ಕೂ ಆ ಹುಣಸೆಮರದ ಮನೆಗೂ ಗಂಟು ಹಾಕಬೇಡಿ ಎಂದು ಬೇರೆಯವರಿಗಾದರೆ ನಾನೇ ಬುದ್ಧಿ ಹೇಳುತ್ತಿದ್ದೆ.

ಆದರೂ ಆ ಕಡೆ ಕೆಲಸ ಬಿದ್ದಾಗಲೆಲ್ಲ ಒಬ್ಬನೇ ಹೋಗುತ್ತೇನೆ. ಮಧ್ಯಾಹ್ನಕ್ಕೇ. ಹುಣಸೆಮರದ ಹತ್ತಿರ ಬೇಕೆಂದೇ ಚಪ್ಪಲಿ ಬಿಟ್ಟು ನಿಲ್ಲುತ್ತೇನೆ. ಎರಡು ಗಳಿಗೆ ನಿಲ್ಲಲಾಗುವುದಿಲ್ಲ, ನೆಲ ಅಷ್ಟು ಸುಡುತ್ತದೆ.

ಅವತ್ತು ಸುಟ್ಟಿರಲಿಲ್ಲ.