ಬೀಡಿ ಕಟ್ಟುವವರ ಡ್ಯಾನ್ಸ್

ಮೊನ್ನೆ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಚೀಲದಿಂದ ನೆನೆಸಿದ ಬೀಡಿ ಎಲೆಯ ವಾಸನೆ ಬಂತು. ಈಗ ಅದು ಅಪರೂಪ. ಹಸಿ ಎಲೆ, ಅದರ ಹಿಂದೆಯೇ ಹೊಗೆಸೊಪ್ಪಿನ ಘಾಟು... ನಾನು ಇಳಿಯಬೇಕಾದ ಸ್ಟಾಪು ದಾಟಿಹೋಯಿತು. ಬಿಸಿಲಿನಲ್ಲಿ ವಾಪಸು ನಡೆಯುವಾಗ ತಲೆಯ ತುಂಬ ನಮ್ಮ ಡ್ಯಾನ್ಸ್ ಟೀಚರೇ ಇದ್ದರು.

ನಾನು ಹೈಸ್ಕೂಲಿನಲ್ಲಿದ್ದಾಗ ಅವರು ಕುಂಜತ್ತೂರಿನಿಂದ ಬಂದು ಶಾಲಾ ಕಲೋತ್ಸವದ ಸ್ಪರ್ಧೆಗೆ ನಮಗೆ ಗ್ರೂಪ್ ಡ್ಯಾನ್ಸ್ ಕಲಿಸುತ್ತಿದ್ದರು. ಪ್ರತಿವರ್ಷ ಕೊಯ್ಲು, ಇಲ್ಲವೇ ಮೀನುಗಾರರು. ತಲೆಗೊಂದು ಅಡಿಕೆ ಹಾಳೆಯ ಮುಟ್ಟಾಳೆ, ಬಣ್ಣದ ಸೀರೆ, ಕೊನೆಗೆ ಒಬ್ಬರ ಮೇಲೊಬ್ಬರು ಹತ್ತಿ ಗೋಪುರ. ಒಂದು ವರ್ಷ ಮಾತ್ರ ತಮ್ಮದೇ ಹೊಸ ಡ್ಯಾನ್ಸ್ ಕಟ್ಟಲು ಹೊರಟರು, ಬೀಡಿ ಕಟ್ಟುವ ಹೆಂಗಸರದ್ದು. ಅವರನ್ನು ಓದಿಸಿದ್ದು, ಡ್ಯಾನ್ಸಿಗೆ ಕಳಿಸಿದ್ದು ಬೀಡಿ ಕಟ್ಟಿದ ಅಮ್ಮ. ಆ ಅಮ್ಮ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ.

ಕೈಕೆಲಸ ನಮಗೆ ಬೇಗ ಬಂತು. ನಮ್ಮಲ್ಲಿ ಅನೇಕರ ಮನೆಯಲ್ಲಿ ಬೀಡಿ ಕಟ್ಟುವವರಿದ್ದರು. ಎಲೆ ಕತ್ತರಿಸುವುದು, ಸುತ್ತುವುದು, ನೂಲು ಬಿಗಿಯುವುದು ಎಲ್ಲ ತಾಳಕ್ಕೆ ಕೂತಿತು. ಟೀಚರಿಗೆ ಬೇಕಾಗಿದ್ದದ್ದು ಬೇರೆ. ನಡುವೆ ಹಾಡು ನಿಲ್ಲಬೇಕು, ದಿನವಿಡೀ ಕುಳಿತವರು ಮಡಿಲಿನ ಮೊರ ಕೆಳಗಿಟ್ಟು ಏಳಬೇಕು. ಒಂದು ಕೈ ನೆಲಕ್ಕೆ, ಇನ್ನೊಂದು ಮೊಣಕಾಲಿಗೆ, ಬೆನ್ನು ನೆಟ್ಟಗಾಗುವುದು ಎಲ್ಲಕ್ಕಿಂತ ಕೊನೆಗೆ. ತಮ್ಮ ಅಮ್ಮ ಇರುವುದು ಆ ಏಳುವುದರಲ್ಲೇ ಎನ್ನುತ್ತಿದ್ದರು.

ನಮಗದು ಬರಲಿಲ್ಲ. ಚಂಗನೆ ಏಳುತ್ತಿದ್ದೆವು. ನಿಧಾನ ಎಂದರೆ ಚಂದ ಮಾಡಿಕೊಂಡು ನಿಧಾನಕ್ಕೆ ಏಳುತ್ತಿದ್ದೆವು. ಮುಖ ಹಿಂಡಲು ಹೋದರೆ ನಗು ಬರುತ್ತಿತ್ತು. ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡು ಬಂದಿದ್ದೀರಾ ಎಂದು ಟೀಚರ್ ರೇಗುತ್ತಿದ್ದರು. ಸುಸ್ತಾಗಲಿ ಎಂದು ಮೈದಾನಕ್ಕೆ ಸುತ್ತು ಓಡಿಸಿದರು. ಏದುಸಿರು ಬಿಡುತ್ತಾ ಬಂದು ಕೂತು, ಮತ್ತೆ ಚಂಗನೆ ಎದ್ದೆವು. ತೋರಿಸಿ ತೋರಿಸಿ ಸುಸ್ತಾದದ್ದು ಅವರೇ...

ಹೆಡ್ ಮಾಸ್ಟರ್ ಒಮ್ಮೆ ಬಂದು ನೋಡಿ, ಸುಮ್ಮನೆ ಎದ್ದು ನಿಲ್ಲುವುದಕ್ಕೆ ಜಡ್ಜುಗಳು ಮಾರ್ಕು ಕೊಡುತ್ತಾರಾ ಎಂದು ಕೇಳಿ ಹೋದರು. ಅದೊಂದನ್ನು ಬಿಟ್ಟು ಉಳಿದದ್ದು ಮಾಡುವ ಎಂದೆವು ನಾವು.

“ಅದು ಬಿಟ್ಟರೆ ಮತ್ತೆ ಎಂತ ಉಂಟು ಅದರಲ್ಲಿ?” ಎಂದರು ಟೀಚರ್. “ನಿಮ್ಮ ತಪ್ಪಲ್ಲ ಮಕ್ಕಳೇ. ನಿಮಗೆ ಇನ್ನೂ ಬೆನ್ನು ನೋಯಲಿಲ್ಲ.”

ಮರುದಿನ ಹಳೆಯ ಕೊಯ್ಲಿನ ಕ್ಯಾಸೆಟ್ಟು ತಂದರು. ಎ ಗ್ರೇಡ್ ಸಿಕ್ಕಿತು, ಶಾಲೆಯಲ್ಲಿ ಲಡ್ಡು ಹಂಚಿದರು. ಫೋಟೋಕ್ಕೆ ಕರೆದಾಗ ಟೀಚರ್ ಬಸ್ಸು ಹಿಡಿದು ಹೋಗಿಯಾಗಿತ್ತು. ಮತ್ತೆ ಅವರು ಹೊಸ ಡ್ಯಾನ್ಸ್ ಕಟ್ಟಿದ್ದನ್ನು ನಾನು ಕಾಣಲಿಲ್ಲ.

ಅವರು ತೀರಿಹೋಗಿ ವರ್ಷಗಳೇ ಆದವು. ನಾನೂ ಈಗ ಡ್ಯಾನ್ಸ್ ಟೀಚರ್. ವರ್ಷವರ್ಷವೂ ಹೊಸತು ಕೇಳುವವರಿಗೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು ಹೇಳಿ ಸಾಕಾಗಿದೆ. ಬಸ್ಸಿನ ಆ ದಿನದ ಮೇಲೆ ಬೀಡಿಯ ಡ್ಯಾನ್ಸನ್ನೇ ಶುರುಮಾಡಿದೆ. ಹುಡುಗಿಯರು ನಮ್ಮ ಹಾಗೆಯೇ ಚಂಗನೆ ಎದ್ದರು. ನಿನ್ನೆ ತೋರಿಸಿಕೊಡಲು ನಾನೇ ನೆಲಕ್ಕೆ ಕೂತು, ಕೈ ಊರಿ, ಮೊಣಕಾಲು ಹಿಡಿದು ಎದ್ದೆ.

ಒಬ್ಬಳು ಓಡಿಹೋಗಿ ಕುರ್ಚಿ ತಂದಳು.

“ಸೊಂಟ ನೋವುಂಟಾ ಟೀಚರ್? ಕೂತುಕೊಳ್ಳಿ.”

ಕೂತೆ. ಅವಳಿಗೆ ಅದು ಡ್ಯಾನ್ಸ್ ಎಂದು ಗೊತ್ತೇ ಆಗಿರಲಿಲ್ಲ. ಅಷ್ಟು ಸರಿಯಾಗಿ ಬಂದಿತ್ತು. ಹೇಳೋಣವೆಂದರೆ ನಮ್ಮ ಟೀಚರ್ ಇಲ್ಲ.