ಬೀಡಿಗೆ ಬಾಯಿ ಬೇಕು

ಬಾಯಿಯೇ ಇಲ್ಲದೆ ಬೀಡಿ ಸೇದುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದೇ ನನ್ನ ಕೆಲಸ. ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ಗಾಜಿನ ಗೂಡಿನೊಳಗೆ ರಬ್ಬರ್ ಪೈಪಿನ ತುದಿಗೆ ಬೀಡಿ ಸಿಕ್ಕಿಸಿ ಹಚ್ಚುತ್ತೇನೆ. ಪೈಪಿನ ಆಚೆ ತುದಿಗೆ ಒಂದು ಪಂಪು. ಅದು ಎಳೆದಾಗ ಬೀಡಿಯ ಮೂತಿ ಕೆಂಪಗಾಗುತ್ತದೆ, ಬಿಟ್ಟಾಗ ಬೂದಿಯಾಗುತ್ತದೆ. ಹೊಗೆ ಗುಳುಗುಳು ಎನ್ನುತ್ತ ತಿಳಿಗೆಂಪು ದ್ರವದೊಳಗೆ ಇಳಿಯುತ್ತದೆ. ಆ ದ್ರವ ಸೋಸಿ, ಮನುಷ್ಯರ ಶ್ವಾಸಕೋಶದಿಂದ ತೆಗೆದು ಬೆಳೆಸಿದ ಜೀವಕೋಶಗಳ ತಟ್ಟೆಗೆ ಹಾಕುತ್ತೇನೆ. ಆಮೇಲೆ ಆ ತಟ್ಟೆಗಳನ್ನು ಆಮ್ಲಜನಕ ತೀರ ಕಡಿಮೆ ಇರುವ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕಿ, ಮಧ್ಯಾಹ್ನದ ಬುತ್ತಿ ಬಿಚ್ಚುತ್ತೇನೆ. ರೊಟ್ಟಿಯೂ ಹೊಗೆ ವಾಸನೆ ಹೊಡೆಯುತ್ತಿರುತ್ತದೆ.

ಉಸಿರು ಸಾಲದಾದಾಗ ಜೀವಕೋಶ ಏನು ಮಾಡುತ್ತದೆ, ಅದರ ಮೇಲೆ ಹೊಗೆಯೂ ಬಿದ್ದರೆ ಏನು ಮಾಡುತ್ತದೆ ಎಂದು ನೋಡುವುದು ನನ್ನ ಸಂಶೋಧನೆ. ಗಾಳಿ ಕಡಿಮೆಯಾಯಿತೆಂದು ಅದು ತಕ್ಷಣ ಸಾಯುವುದಿಲ್ಲ. ಅದರೊಳಗೆ ಹುಟ್ಟಿದ ಕೂಡಲೇ ನಾಶವಾಗುವ ಒಂದು ಪ್ರೋಟೀನು ಇರುತ್ತದೆ. ಗಾಳಿ ಸಾಲದಿದ್ದಾಗ ಮಾತ್ರ ಅದು ನಾಶವಾಗದೆ ಉಳಿದು, ಇದ್ದುದರಲ್ಲೇ ಬದುಕಿರಪ್ಪ ಎಂದು ಒಳಗಿನವರನ್ನೆಲ್ಲ ಎಬ್ಬಿಸುತ್ತದೆ. ಹೊಗೆ ಸೇರಿದರೆ ಆ ಕೂಗು ಏನಾಗುತ್ತದೆ ಎಂಬುದು ನನ್ನ ಪ್ರಶ್ನೆ. ಇದನ್ನು ನಾನೇ ಆರಿಸಿಕೊಂಡೆ. ಯಾಕೆ ಎಂದು ಸಂದರ್ಶನದಲ್ಲಿ ಕೇಳಿದಾಗ ಊರಿನ ಆರೋಗ್ಯ, ಬೀಡಿಯ ಪಿಡುಗು ಎಂದೆಲ್ಲ ಹೇಳಿದೆ. ಅಪ್ಪನ ಹೆಸರು ಎತ್ತಲಿಲ್ಲ.

ಅಪ್ಪ ಲೈನ್‌ಮನ್ ಆಗಿದ್ದ. ಆಳಂದ, ಆಮೇಲೆ ಅಫಜಲಪುರ, ಕೊನೆಗೆ ಜೇವರ್ಗಿ. ವರ್ಗವಾದಾಗೆಲ್ಲ ಬಾಡಿಗೆ ಮನೆ ಬದಲಾಗುತ್ತಿತ್ತು, ವಾಸನೆ ಬದಲಾಗುತ್ತಿರಲಿಲ್ಲ. ಕಂಬ ಏರುವ ಮೊದಲು ಒಂದು ಬೀಡಿ, ಇಳಿದ ಮೇಲೆ ಒಂದು. ಮನೆಯಲ್ಲಿದ್ದರೆ ಕಡ್ಡಿ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. "ಒಂದ್ ಹಚ್ಚಿ ತಾ ಬೇ" ಎಂದು ಕೂಗುತ್ತಿದ್ದ. ನಾನು ಒಲೆಯ ಕೆಂಡಕ್ಕೆ ಬೀಡಿ ಹಿಡಿದು, ಪಡಸಾಲೆಗೆ ಬರುವಷ್ಟರಲ್ಲಿ ಆರಬಾರದೆಂದು ಒಂದು ದಮ್ಮು ಎಳೆದು, ಕೆಮ್ಮುತ್ತ ತಂದು ಕೊಡುತ್ತಿದ್ದೆ. ನಮ್ಮ ಕಡೆ ಮಕ್ಕಳು ಹೀಗೆ ಹಚ್ಚಿ ಕೊಡುವುದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಅಪ್ಪನ ಕೆಲಸ ಮಾಡುತ್ತಿದ್ದೇನೆಂದು ನನಗೆ ಹೆಮ್ಮೆಯೇ ಇತ್ತು.

ಜೇವರ್ಗಿಗೆ ಬಂದ ಮೇಲೆ ಅಪ್ಪ ಕಂಬದ ಅರ್ಧಕ್ಕೇ ನಿಲ್ಲತೊಡಗಿದ. ನಿವೃತ್ತಿಯಾದ ಮೇಲೆ ಬಚ್ಚಲಿಗೆ ಹೋಗಿ ಬಂದರೂ ಗೋಡೆ ಹಿಡಿದು ನಿಲ್ಲುತ್ತಿದ್ದ. ಕೊನೆಯ ವರ್ಷ ಮನೆಗೆ ಆಕ್ಸಿಜನ್ ಕೊಡುವ ಯಂತ್ರ ತಂದೆವು. ಅದು ಹಗಲಿಡೀ ಮೂಲೆಯಲ್ಲಿ ಗುಂಯ್ ಎನ್ನುತ್ತಿತ್ತು. ಮನೆಯಲ್ಲಿ ಗಾಳಿ ಕೊಡುವ ಪೆಟ್ಟಿಗೆ, ಲ್ಯಾಬಿನಲ್ಲಿ ಗಾಳಿ ಕಸಿಯುವ ಪೆಟ್ಟಿಗೆ; ಎರಡರ ಗುಂಡಿ ಒತ್ತುವವಳೂ ನಾನೇ. ಸದ್ದು ಎಷ್ಟು ಒಂದೇ ತರಹ ಇತ್ತೆಂದರೆ ಕೆಲಸದ ನಡುವೆ ಒಮ್ಮೊಮ್ಮೆ ಅಪ್ಪ ಹಿಂದೆ ಮಲಗಿದ್ದಾನೆ ಎನಿಸಿ ತಿರುಗಿ ನೋಡುತ್ತಿದ್ದೆ.

ಒಂದು ದಿನ ಲ್ಯಾಬಿಗೆ ಹೊರಟಿದ್ದೆ. ಅಪ್ಪ ಕರೆದ.

"ಒಂದ್ ಬೀಡಿ ಹಚ್ಚಿ ಕೊಡು ಬೇ. ಸೇದಂಗಿಲ್ಲ. ಬರೇ ಹಿಡ್ಕೊಂಡು ಕುಂದರ್ತೇನಿ."

"ಮೂಗಿನ್ಯಾಗ ಆಕ್ಸಿಜನ್ ಪೈಪ್ ಇಟ್ಕೊಂಡು ಬೀಡಿ ಕೇಳ್ತಿ ಅಲ್ಲಪಾ, ಮನಿ ಸುಡಬೇಕಂತ ಮಾಡಿ ಏನ್?" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. "ನಿನ್ನಂಥವ್ರ ಎದಿ ಹೆಂಗ್ ಸಾಯ್ತದ ಅಂತ ದಿನಾ ನೋಡಾಕತ್ತೇನಿ ನಾ" ಎಂದುಬಿಟ್ಟೆ.

"ಆತು ಬಿಡು" ಎಂದು ಅಪ್ಪ ಗೋಡೆಯ ಕಡೆ ಹೊರಳಿದ. ಮೂರನೆಯ ದಿನ ತೀರಿಕೊಂಡ. ಬೆಂಕಿ ಕೊಡದಿದ್ದದ್ದು ಸರಿ, ಇಂದಿಗೂ ಕೊಡುವುದಿಲ್ಲ. ಆದರೆ ಆಡಿದ ಆ ಮಾತಿಗೆ ತಪ್ಪಾಯಿತು ಎನ್ನುವುದು ನನ್ನಿಂದಾಗಲಿಲ್ಲ.

ನಮ್ಮಲ್ಲಿ ಹಿರಿಯರ ಅಮಾವಾಸ್ಯೆಗೆ ಸತ್ತವರ ಹೆಸರಿನಲ್ಲಿ ಎಡೆ ಇಡುತ್ತಾರೆ. ಅವರಿಗೆ ಏನು ಇಷ್ಟವೋ ಅದೆಲ್ಲ ಇರಬೇಕು. ನಮ್ಮೂರು ಕಿಣ್ಣಿ ಸುಲ್ತಾನದ ಹಳೆಯ ಮನೆಯಲ್ಲಿ ಮುತ್ಯಾನ, ಅಂದರೆ ಅಪ್ಪನ ಅಪ್ಪನ, ಎಡೆಗೆ ಹೋಳಿಗೆ, ಪುಂಡಿ ಪಲ್ಯ, ರೊಟ್ಟಿಯ ಜೊತೆ ಹಚ್ಚಿದ ಒಂದು ಬೀಡಿ ಇಡುತ್ತಿದ್ದರು. ಆಮೇಲೆ ಎಲ್ಲರೂ ಅಂಗಳಕ್ಕೆ ಬಂದು ಕದ ಮುಚ್ಚಬೇಕು, ಹಿರಿಯರು ಬಂದು ಉಣ್ಣಲೆಂದು. ಬೀಡಿ ಹಚ್ಚುವುದು ಹಿರಿಯ ಮಗನಾದ ಅಪ್ಪನ ಪಾಲು. ಅವನೊಬ್ಬ ಕೊನೆಗೆ ಒಳಗೆ ಉಳಿದು, ಮುತ್ಯಾನ ಜೊತೆ ಎರಡು ಮಾತಾಡಿ ಬರುತ್ತೇನೆಂದು ಕದ ಮುಂದೆ ಮಾಡಿಕೊಳ್ಳುತ್ತಿದ್ದ. ಅವನು ಹೊರಗೆ ಬಂದದ್ದೇ ತಡ, ಮಕ್ಕಳೆಲ್ಲ ನುಗ್ಗುತ್ತಿದ್ದೆವು. ಬೀಡಿ ಕಟ್ಟಿದ ದಾರದ ತನಕ ಸುಟ್ಟಿರುತ್ತಿತ್ತು. "ಮುತ್ಯಾ ಸೇದ್ಯಾನ!" ಎಂದು ಕಿರುಚುತ್ತಿದ್ದೆವು. ದಾರದ ತನಕ ಸುಟ್ಟರೆ ಹಿರಿಯರು ಸಂತೋಷದಿಂದ ಬಂದು ಹೋದರೆಂದು ಅರ್ಥ. ನಡುವೆ ಆರಿದರೆ, ಮುನಿಸಿಕೊಂಡು ಮುಟ್ಟದೆ ಹೋದರೆಂದು.

ಅಪ್ಪನ ಮೊದಲ ಎಡೆ ಜೇವರ್ಗಿಯ ಮನೆಯಲ್ಲಿ ಆಯಿತು. ಇರುವವಳು ನಾನೊಬ್ಬಳೇ ಮಗಳು, ಬೀಡಿ ಹಚ್ಚುವ ಪಾಲು ನನಗೆ ಬಂತು. ಹಚ್ಚಿ, ಫೋಟೋದ ಮುಂದೆ ಇಟ್ಟು, ಆ ಮುಖ ನೋಡಲಾಗದೆ ಸರಸರ ಹೊರಗೆ ಬಂದೆ. ಕದ ತೆಗೆದಾಗ ಬೀಡಿ ಕಾಲು ಭಾಗವೂ ಸುಟ್ಟಿರಲಿಲ್ಲ. ಅವ್ವ ಅದನ್ನು ಎತ್ತಿ ನೋಡಿದಳು.

"ನಿಮ್ಮಪ್ಪ ಮುಟ್ಟಿಲ್ಲ ನೋಡು" ಎಂದಳು. ಅಪ್ಪನಿಗೆ ನಾನಂದ ಮಾತನ್ನು ಅಂದು ಅಡುಗೆಮನೆಯಿಂದ ಅವಳೂ ಕೇಳಿದ್ದಳು. ಆದರೆ ಆ ಮಾತು ಎತ್ತಲಿಲ್ಲ, ಎತ್ತಿದ್ದರೆ ಚೆನ್ನಾಗಿತ್ತು. ಎಡೆಯ ಅನ್ನವನ್ನೆಲ್ಲ ಆಕಳಿಗೆ ಇಟ್ಟು, ಆ ಇಡೀ ದಿನ ಉಪವಾಸ ಕುಳಿತಳು. ಎರಡನೆಯ ವರ್ಷವೂ ಹಾಗೆಯೇ ಆಯಿತು. "ಸಿಟ್ಟು ಇಳಿದಿಲ್ಲ ನಿಮ್ಮಪ್ಪಂದು" ಎಂದಳು. ಆರಿದ ಆ ಎರಡು ಬೀಡಿಗಳನ್ನು ಫೋಟೋದ ಹಿಂದೆ ಇಟ್ಟಳು. ನಾನು ಓದಿದವಳು, ಇಂಥದನ್ನೆಲ್ಲ ನಂಬುವವಳಲ್ಲ. ಆದರೂ ಫೋಟೋದ ಧೂಳು ಒರೆಸುವಾಗ ಅವುಗಳ ಕಡೆ ಕೈ ಹೋಗುತ್ತಿರಲಿಲ್ಲ.

ಈ ವರ್ಷ ಲ್ಯಾಬಿನಲ್ಲೂ ಅದೇ ಪೀಡೆ ಶುರುವಾಯಿತು. ಮೊದಲೆಲ್ಲ ಒಂದು ಹಳೆಯ ಪಂಪು ಎಡೆಬಿಡದೆ ಎಳೆಯುತ್ತಿತ್ತು. ಹೊಸ ಪಂಪು ಬಂದ ಮೇಲೆ ಸಿಗರೇಟಿನ ಪದ್ಧತಿಯಂತೆ ನಿಮಿಷಕ್ಕೊಂದು ದಮ್ಮು ಇಟ್ಟೆ. ಬೀಡಿ ನಡುನಡುವೆ ಆರಿಹೋಗತೊಡಗಿತು. ಮತ್ತೆ ಹಚ್ಚು, ಮತ್ತೆ ಆರು. ಒಂದು ದಿನದ ದ್ರವ ಇನ್ನೊಂದು ದಿನದಂತೆ ಇರುತ್ತಿರಲಿಲ್ಲ, ಜೀವಕೋಶಗಳು ದಿನಕ್ಕೊಂದು ಉತ್ತರ ಕೊಡುತ್ತಿದ್ದವು. ಬೀಡಿ ಬಿಡಿ, ಸಿಗರೇಟು ಹಿಡಿಯಿರಿ ಎಂದರು ನನ್ನ ಮಾರ್ಗದರ್ಶಕರು. ನಮ್ಮ ಜನ ಸೇದುವುದು ಬೀಡಿ, ನಾನು ಬಿಡುವುದಿಲ್ಲ ಎಂದು ಹಟ ಹಿಡಿದೆ.

ಲ್ಯಾಬಿನ ಗಾಜಿನ ಸಾಮಾನು ತೊಳೆಯುವವರು ಅಫಜಲಪುರ ಕಡೆಯ ಒಬ್ಬ ಹಿರಿಯ ಮುಸಲ್ಮಾನರು. ದಿನಾ ನನ್ನ ಗೊಣಗಾಟ ಕೇಳಿ ಸಾಕಾಗಿರಬೇಕು, ಒಂದು ಮಧ್ಯಾಹ್ನ ಗೂಡಿನ ಹತ್ತಿರ ಬಂದು ನಿಂತರು.

"ಇದೇನ್ ಸಿಗರೇಟ್ ಅಲ್ರಿ ಮೇಡಂ. ಸಿಗರೇಟ್ ಇಟ್ರೂ ತಾನೇ ಉರೀತದ. ಬೀಡಿಗೆ ಬಾಯಿ ಬೇಕ್ರಿ. ಯಾರಾರ ಜಗ್ಗಬೇಕು, ಇಲ್ಲಂದ್ರ ಆರೇ ಹೋಗ್ತದ."

ಪಡಸಾಲೆಗೆ ಬರುವಷ್ಟರಲ್ಲಿ ಆರುತ್ತದೆಂದೇ ಅಲ್ಲವೇ ನಾನು ಏಳೆಂಟು ವರ್ಷದವಳಿದ್ದಾಗ ದಮ್ಮು ಎಳೆಯುತ್ತಿದ್ದದ್ದು? ಬೆಣ್ಣೆ ಕೈಯಲ್ಲಿ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು ನನ್ನ ವಿದ್ಯೆ.

ಹಾಗಾದರೆ ಎಷ್ಟು ಹೊತ್ತಿಗೊಮ್ಮೆ ಎಳೆಯಬೇಕು? ಕಣ್ಣು ಮುಚ್ಚಿದೆ. ಅಪ್ಪ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. ಒಂದು ದಮ್ಮು. ತಲೆ ಎತ್ತಿ ತಂತಿ ನೋಡುವುದು. ಎಡಗೈಯಿಂದ ಹಣೆ ಒರೆಸುವುದು. ಇನ್ನೊಂದು ದಮ್ಮು. ನಡುವೆ ಎಷ್ಟಾಗುತ್ತದೆಂದು ಎಣಿಸಿ ಪಂಪಿಗೆ ಅದನ್ನೇ ಇಟ್ಟೆ. ಬೀಡಿ ಆರಲಿಲ್ಲ. ಕೆಂಪಾಯಿತು, ಮಂಕಾಯಿತು, ಮತ್ತೆ ಕೆಂಪಾಯಿತು. ಪಂಪಿನೊಳಗೆ ಎಲ್ಲೋ ನೀರು ಸೇರಿ, ಕಫ ಕಟ್ಟಿದ ಎದೆಯಂತೆ ಗೊರಗೊರ ಎನ್ನುತ್ತಿತ್ತು. ಆ ಗಾಜಿನ ಹಿಂದೆ ಯಾರೂ ಇರಲಿಲ್ಲ, ಆದರೂ ಅಲ್ಲಿ ಅಪ್ಪ ಸೇದುತ್ತಿದ್ದ. ಹಾಡಹಗಲಿನಲ್ಲೇ ಹೆದರಿ ಹೊರಗೆ ಹೋಗಿ ನಿಂತೆ. ಒಳಗೆ ಬಂದಾಗ ಬೀಡಿ ದಾರದ ತನಕ ಸುಟ್ಟಿತ್ತು.

ಆ ದಾರ ನೋಡಿದಾಗ ಕಿಣ್ಣಿ ಸುಲ್ತಾನದ ಮುಚ್ಚಿದ ಕದ ನೆನಪಾಯಿತು. ಮುತ್ಯಾನ ಬೀಡಿಗೆ ಬಾಯಿ ಯಾರದಿತ್ತು? ಒಳಗೆ ಉಳಿಯುತ್ತಿದ್ದವನು ಒಬ್ಬನೇ. ಸಂಜೆ ಬಸ್ಸು ಭೀಮಾ ಸೇತುವೆ ದಾಟುವಾಗ ಕಿಟಕಿಗೆ ಮುಖ ಮಾಡಿ ಅತ್ತೆ. ಅಪ್ಪ ಎರಡು ವರ್ಷ ಮುನಿಸಿಕೊಂಡು ಹೋದದ್ದಲ್ಲ. ಒಳಗೆ ಉಳಿಯಬೇಕಾದವಳು ಹೊರಗೆ ಓಡಿ ಬಂದಿದ್ದಳು, ಅಷ್ಟೇ. ಇದನ್ನು ಅವ್ವನಿಗೆ ಬಿಡಿಸಿ ಹೇಳಬಹುದಿತ್ತು. ಎಲೆ, ಗಾಳಿ, ಉರಿ ಎಂದು ಪಾಠ ಮಾಡಬಹುದಿತ್ತು. ಪಾಠ ಮಾಡಿ ಒಬ್ಬನನ್ನು ಗೋಡೆಗೆ ಹೊರಳಿಸಿದ್ದು ಸಾಕಾಗಿತ್ತು.

ಈ ಸಲದ ಅಮಾವಾಸ್ಯೆಗೆ ಅವ್ವ ಎಡೆ ಇಟ್ಟಳು. ಬೀಡಿಯ ಕಟ್ಟು ಬಿಚ್ಚಿ ಒಂದನ್ನು ನನ್ನ ಕೈಗೆ ಕೊಟ್ಟಳು.

"ಈ ಸಲನೂ ಮುಟ್ಟಲಿಲ್ಲಂದ್ರ ಮುಂದಿನ ವರ್ಷ ಎಡಿ ಇಡಂಗಿಲ್ಲ ನಾ" ಎಂದಳು. "ಒಲ್ಲದವ್ರನ್ನ ಎಷ್ಟಂತ ಕರೀಲಿ."

"ನೀ ಹೊರಗ ಹೋಗವ್ವಾ. ಅಪ್ಪನ ಜೋಡಿ ಎರಡು ಮಾತಾಡಿ ಬರ್ತೇನಿ" ಎಂದೆ. ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಹೋದಳು. ಕದ ಮುಂದೆ ಮಾಡಿದೆ.

ಬೀಡಿ ಹಚ್ಚಿದೆ. ಅಪ್ಪನ ಎಣಿಕೆಯಲ್ಲೇ ಎಳೆದೆ. ಮೊದಲ ದಮ್ಮಿಗೇ ಎದೆಯೊಳಗೆ ಬೆಂಕಿ ಬಿದ್ದಂತಾಯಿತು. ಒಳಗೆ ಏನೇನು ಆಗುತ್ತಿದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಟ್ಟೆಯಲ್ಲಿ ನೋಡಿದ್ದೇನಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಸದ್ದು ಹೊರಗೆ ಹೋಗದಂತೆ ಕೆಮ್ಮಿದೆ. ಪ್ರತಿ ಸಲ ಎಳೆದು ಫೋಟೋದ ಮುಂದೆ ಇಡುತ್ತಿದ್ದೆ, ಮಂಕಾಗುವಷ್ಟರಲ್ಲಿ ಮತ್ತೆ ಎತ್ತುತ್ತಿದ್ದೆ. ನಮ್ಮಿಬ್ಬರಲ್ಲಿ ಯಾರು ಯಾರಿಗೆ ಹಚ್ಚಿ ಕೊಡುತ್ತಿದ್ದೆವೋ ತಿಳಿಯದಾಯಿತು. "ತಪ್ಪಾತಪಾ" ಎಂದೆ. "ಹಂಗ್ ಅನ್ನಬಾರದಿತ್ತು." ಮೂರು ವರ್ಷ ಹೇಳಲಾಗದ ಮಾತು ಹೊಗೆಯ ಜೊತೆ ಹೊರಗೆ ಬಂತು.

ಬೆರಳು ಸುಡುವ ತನಕ ಎಳೆದೆ. ದಾರ ಕಾಣಿಸಿದಾಗ ಎಡೆಯ ಮೇಲೆ ಇಟ್ಟು, ಕಣ್ಣೊರೆಸಿಕೊಂಡು, ಕದ ತೆಗೆದೆ.

ಅವ್ವ ಒಳಗೆ ಹೋಗಿ ಬೀಡಿಯ ಮುಂದೆ ಕುಳಿತಳು. ಆಮೇಲೆ ಫೋಟೋದ ಹಿಂದಿನ ಹಳೆಯ ಎರಡು ಬೀಡಿಗಳನ್ನು ತೆಗೆದು ಹೊರಗೆ ಒಗೆದು ಬಂದಳು. ನನ್ನ ಹತ್ತಿರ ನಿಂತು, ಸೆರಗಿನ ಚುಂಗಿನಿಂದ ನನ್ನ ಕಣ್ಣು ಒರೆಸಿದಳು. ನನ್ನ ಬಾಯಿಯ ವಾಸನೆ ಅವಳಿಗೆ ಬಡಿದಿರಲೇಬೇಕು.

"ನಿಮ್ಮ ಮುತ್ಯಾನ ಎಡಿ ದಿನ ನಿಮ್ಮಪ್ಪನೂ ಹಿಂಗೇ ಕಣ್ಣು ಕೆಂಪ ಮಾಡ್ಕೊಂಡು ಹೊರಗ ಬರ್ತಿದ್ದ" ಎಂದಳು. "ಬಾ, ಕೈ ತೊಳ್ಕೋ. ಹಸಿವ್ಯಾಗೇದ ನನಗ."