ಶಿಳ್ಳೆ ಹಾಕಲು ಸಿಕ್ಕ ಕಾಲುದಾರಿ

ಬಾಯಿ ಮುಕ್ಕಳಿಸಿದೆ. ನೀರು ಎಡಗಡೆಯಿಂದ ತಾನಾಗಿಯೇ ಸುರಿದುಹೋಯಿತು. ಇನ್ನೊಮ್ಮೆ ಮುಕ್ಕಳಿಸಿದೆ. ಮತ್ತೆ ಸುರಿಯಿತು. ಡ್ಯೂಟಿಗೆ ಹೊತ್ತಾಗುತ್ತಿತ್ತು. ಕುಂಕುಮ ಇಡಲು ಕನ್ನಡಿ ನೋಡಿದೆ.

ಮುಖದ ಎಡಭಾಗ ಜೋತುಬಿದ್ದಿತ್ತು.

ಎಡಗಣ್ಣು ಮುಚ್ಚಲು ಬರುತ್ತಿರಲಿಲ್ಲ. ಮನೆಯವರು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಟವಾಡಿಯ ಕ್ಲಿನಿಕ್ಕಿಗೆ ಕರೆದೊಯ್ದರು. ಪಾರ್ಶ್ವವಾಯುವೇ ಹೊಡೆದಿದೆ ಎಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದೆ. ಡಾಕ್ಟರ್ ನನ್ನ ಹುಬ್ಬು ಎತ್ತಿಸಿ, ಹಲ್ಲು ಕಿರಿಸಿ, ಕೈಕಾಲು ಪರೀಕ್ಷಿಸಿದರು.

"ಸ್ಟ್ರೋಕ್ ಅಲ್ಲಮ್ಮ, ಬೆಲ್ಸ್ ಪಾಲ್ಸಿ. ಮುಖದ ನರ ಊದ್ಕೊಂಡಿದೆ. ಹೆಚ್ಚಿನವರಿಗೆ ವಾಸಿಯಾಗುತ್ತೆ, ಟೈಮ್ ತಗೊಳ್ಳುತ್ತೆ ಅಷ್ಟೆ."

ಸ್ಟೀರಾಯ್ಡ್ ಮಾತ್ರೆ, ಕಣ್ಣಿಗೆ ಡ್ರಾಪ್ಸ್, ಮಲಗುವಾಗ ರೆಪ್ಪೆಗೆ ಟೇಪ್. ಅದೆಲ್ಲ ಸರಿ, ನನ್ನ ಚಿಂತೆಯೇ ಬೇರೆ. ನಾನು ತುಮಕೂರು–ಕುಣಿಗಲ್ ಬಸ್ಸಿನ ಕಂಡಕ್ಟರ್. ವಿಷಲ್ ಊದಿದರೆ ಗಾಳಿಯೆಲ್ಲ ತುಟಿಯ ಎಡಗಡೆಯಿಂದ ಸೋರಿಹೋಗುತ್ತಿತ್ತು. ಹೀಗೇ ಇದ್ದರೆ ಡಿಪೋದಲ್ಲಿ ಯಾವುದೋ ಟೇಬಲ್ಲಿನ ಹಿಂದೆ ಕೂರಿಸುತ್ತಾರೆ. ನನಗೆ ಟೇಬಲ್ಲು ಬೇಡ, ನನ್ನ ಬಸ್ಸು ಬೇಕು.

ಕೆನ್ನೆ ಉಬ್ಬಿಸಿ, ಶಿಳ್ಳೆ ಹಾಕಿ ಅಭ್ಯಾಸ ಮಾಡಲು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟರು. ಮನೆಯಲ್ಲಿ ಶುರುಮಾಡಿದ್ದೇ ತಡ, ಅತ್ತೆ ಓಡಿಬಂದರು. ಹೆಂಗಸರು ಶಿಳ್ಳೆ ಹಾಕಿದರೆ ಮನೆಗೆ ಒಳ್ಳೆಯದಲ್ಲವಂತೆ. ಹಾಗಾದರೆ ಹೊರಗೆ ಹೋಗಿ ಹಾಕುತ್ತೇನೆ ಎಂದೆ.

"ಬಸ್ಸಿನ ಕಿಟಕಿ ಗಾಳಿ ಹೊಡ್ದೇ ಬಾಯಿ ಸೊಟ್ಟಗಾಗಿರೋದು. ಮತ್ತೆ ಗಾಳಿಗೇ ಹೋಯ್ತೀನಿ ಅಂತೀಯಲ್ಲೇ," ಎಂದು ಬಿರುಬೇಸಿಗೆಯಲ್ಲಿ ನನ್ನ ಕಿವಿಗೆ ಮಫ್ಲರ್ ಸುತ್ತಿದರು.

ಮೊದಲು ಕೆರೆಯ ಪಾರ್ಕಿಗೆ ಹೋದೆ. ವಾಕಿಂಗಿಗೆ ಬಂದವರಲ್ಲಿ ಅರ್ಧದಷ್ಟು ನನ್ನ ಪ್ಯಾಸೆಂಜರುಗಳೇ. ಬಾಯಿಗೇನಾಯಿತೆಂದು ಒಬ್ಬೊಬ್ಬರಿಗೂ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಇನ್ನೊಂದು ದಿನ ಟ್ರೀ ಪಾರ್ಕಿಗೆ ಹೋದೆ. ಆಡುತ್ತಿದ್ದ ಮಕ್ಕಳು ನನ್ನ ಮುಖ ಕಂಡು ಉಯ್ಯಾಲೆ ನಿಲ್ಲಿಸಿಬಿಟ್ಟರು. ಅವತ್ತು ನಿಜಕ್ಕೂ ಅಳು ಬಂತು.

ಕೊನೆಗೆ ಮನೆಯವರು ದೇವರಾಯನದುರ್ಗದ ರಸ್ತೆಯ ನಾಮದ ಚಿಲುಮೆಗೆ ಕರೆದೊಯ್ದರು. ವಾರದ ನಡುವೆ ಅಲ್ಲಿ ಜನ ಕಡಿಮೆ. ಖುಷಿಯಿಂದ ವಿಷಲ್ ತೆಗೆದೆ. ಅಲ್ಲಿನ ಜಿಂಕೆವನದ ಗಾರ್ಡ್ ಹತ್ತಿರ ಬಂದು, ಊದಬೇಡಿ, ಜಿಂಕೆಗಳು ಬೆದರುತ್ತವೆ ಎಂದರು. ವಿಷಲ್ ಮತ್ತೆ ಬ್ಯಾಗು ಸೇರಿತು. ಬರೀ ತುಟಿಯಲ್ಲೇ ಊದುತ್ತ ಕಾಲುದಾರಿ ಹಿಡಿದೆ.

ಆಮೇಲೆ ಅದೇ ಅಭ್ಯಾಸವಾಯಿತು. ಇಷ್ಟು ವರ್ಷ ನಾನು ನೋಡಿದ್ದೆಲ್ಲ ಬಸ್ಸಿನ ಕಿಟಕಿಯಲ್ಲಿ ಹಿಂದಕ್ಕೆ ಓಡುವ ಮರಗಳನ್ನೇ. ಇಲ್ಲಿ ಬಿದಿರಿನ ನೆರಳಲ್ಲಿ ನಿಂತು ಗಾಳಿ ಊದುವಾಗ, ಯಾರಿಗೂ ನಗುಮುಖ ತೋರಿಸಬೇಕಾಗಿಲ್ಲ ಎಂಬುದೇ ಎಷ್ಟೊಂದು ನೆಮ್ಮದಿ ಅನ್ನಿಸುತ್ತಿತ್ತು. ಒಮ್ಮೆ ಕೋತಿಯೊಂದು ನನ್ನನ್ನೇ ದಿಟ್ಟಿಸಿತು. ಅದರ ಕಣ್ಣಿದ್ದದ್ದು ನನ್ನ ಬಾಳೆಹಣ್ಣಿನ ಮೇಲೆ.

ಒಂದು ದಿನ ಅತ್ತೆಯೂ ಬಂದರು, ಮಫ್ಲರ್ ಬಿಚ್ಚದಂತೆ ಕಾಯಲು. ಕಲ್ಲಿನ ಮೇಲೆ ಕೂತು ನನ್ನ ಊದಾಟ ನೋಡುತ್ತಿದ್ದರು. ಬರೀ ಗಾಳಿ. ಅವರಿಗೆ ತಡೆಯಲಾಗಲಿಲ್ಲ.

"ಹಂಗಲ್ಲ ಕಣೇ, ಇಂಗೆ," ಎಂದವರೇ ತುಟಿ ಚೂಪು ಮಾಡಿ ಉದ್ದಕ್ಕೆ ಶಿಳ್ಳೆ ಹಾಕಿದರು. ನಾನು ಬಾಯಿಬಿಟ್ಟು ನಿಂತೆ.

"ನಮ್ಮೂರು ಸಿ.ಎಸ್. ಪುರದಾಗೆ ಎಮ್ಮೆ ನೀರು ಕುಡೀಲಿ ಅಂತ ನಾನೂ ಹಾಕ್ತಿದ್ದೆ ಬುಡು. ಇದೇನು ಮನೆಯಲ್ವಲ್ಲ."

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅತ್ತೆ ನಗಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಎಡತುಟಿ ಅಲುಗಿತ್ತು.

ಈಗಲೂ ಊಟ ಮಾಡುವಾಗ ಎಡಗಣ್ಣಲ್ಲಿ ನೀರು ಬರುತ್ತದೆ. ಪೂರ್ತಿ ಸರಿಹೋಗುತ್ತದೋ ಇಲ್ಲವೋ, ಡಾಕ್ಟರೂ ಖಚಿತವಾಗಿ ಹೇಳುವುದಿಲ್ಲ. ಆದರೂ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟರು. ಕಳೆದ ವಾರ ಡ್ಯೂಟಿಗೆ ಹೋದೆ. ಗೂಳೂರಿನಲ್ಲಿ ಜನ ಹತ್ತಿದರು. ಟಿಕೆಟ್ ಕೊಡುತ್ತಲೇ ವಿಷಲ್ ಬಾಯಿಗಿಟ್ಟು, ಅತ್ತೆ ಹೇಳಿಕೊಟ್ಟಂತೆ ತುಟಿ ಬಿಗಿದು ಊದಿದೆ. ಸ್ವಲ್ಪ ಗಾಳಿ ಸೋರಿತು.

ಡ್ರೈವರಿಗೆ ಕೇಳಿಸಿತು. ಬಸ್ಸು ಹೊರಟಿತು.